ಕಲ್ಲಿಗೊಂದು ಕಥೆ: ನಿಸರ್ಗದ ಗುರುತಿಗೆ ಹೊಸ ಸ್ಥಳಪುರಾಣ ಕಟ್ಟುವ ಬಗೆ

ಉತ್ತರ ಐರ್ಲೆಂಡಿನ ಕಡಲತೀರದಲ್ಲಿ ಸುಮಾರು 40,000 ಕಪ್ಪು ಕಲ್ಲುಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಹೆಚ್ಚಿನವು ಆರು ಮೂಲೆಯವು, ಯಾರೋ ಉಳಿ ಹಿಡಿದು ಕಡೆದು ಜೋಡಿಸಿದ ಹಾಗೆ. ದಡದಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸಮುದ್ರದೊಳಗೆ ಮರೆಯಾಗುತ್ತವೆ. ಜೈಂಟ್ಸ್ ಕಾಸ್‌ವೇ ಎಂದು ಹೆಸರು. ಅಲ್ಲಿಯವರು ಹೇಳುವ ಕಥೆ ಹೀಗೆ: ಫಿನ್ ಮ್ಯಾಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿನ ಇನ್ನೊಬ್ಬ ದೈತ್ಯನ ಮೇಲೆ ಕಾದಾಡಲು ಸಮುದ್ರಕ್ಕೆ ಅಡ್ಡಲಾಗಿ ದಾರಿ ಕಟ್ಟಿದ. ಎದುರಾಳಿಯ ಗಾತ್ರ ಕಂಡದ್ದೇ ಎದೆ ನಡುಗಿ ಮನೆಗೆ ಓಡಿ ಬಂದ. ಹೆಂಡತಿ ಅವನಿಗೆ ಬಟ್ಟೆ ಸುತ್ತಿ ಕೂಸಿನ ಹಾಗೆ ಮಲಗಿಸಿದಳು. ಹುಡುಕಿಕೊಂಡು ಬಂದವನು ಕೂಸನ್ನು ನೋಡಿ, ಮಗುವೇ ಇಷ್ಟಿದ್ದರೆ ಅಪ್ಪ ಎಷ್ಟಿರಬೇಕು ಎಂದು ಹೆದರಿ, ಬಂದ ದಾರಿಯನ್ನು ಕಿತ್ತೆಸೆಯುತ್ತ ಓಡಿಹೋದ.

ಕೇಳಲು ತಮಾಷೆಯ ಕಥೆ. ಆದರೆ ಅದು ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಬೇರೆ ಕಾರಣವಿದೆ. ಸಮುದ್ರದಾಚೆ ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದಲ್ಲೂ ಅಂಥದೇ ಕಂಬಗಳಿವೆ. ಈ ತುದಿ ಇದೆ, ಆ ತುದಿ ಇದೆ, ನಡುವಿನದು ಕಾಣೆ. ಓಡುವಾಗ ದಾರಿ ಕಿತ್ತೆಸೆದ ಎಂಬ ಒಂದು ಮಾತು ಈ ಮೂರಕ್ಕೂ ಒಟ್ಟಿಗೆ ಉತ್ತರ ಕೊಡುತ್ತದೆ. ಕಥೆ ಕಟ್ಟಿದವರು ಯಾರೇ ಇರಲಿ, ಅವರಿಗೆ ಎರಡೂ ದಡ ಗೊತ್ತಿತ್ತು.

ಬೆಟ್ಟ, ಬಂಡೆ, ಮಡು, ಗುಹೆ, ಒಂಟಿ ಮರ, ಯಾವುದಕ್ಕಾದರೂ ಹೊಸ ಪುರಾಣ ಕಟ್ಟಬೇಕೆಂದು ಹೊರಟವರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ: ಕಥೆಯ ಅರ್ಧ ಭಾಗ ಆ ಜಾಗದ ಮೈಮೇಲೆ ಆಗಲೇ ಬರೆದಿರುತ್ತದೆ. ಅದನ್ನು ಓದದೆ ಕಲ್ಪನೆಗೆ ಕೈ ಹಾಕಿದರೆ ಯಾವ ಬೆಟ್ಟಕ್ಕೆ ಬೇಕಾದರೂ ಅಂಟಿಸಬಹುದಾದ ಸಪ್ಪೆ ಕಥೆ ಹುಟ್ಟುತ್ತದೆ. ಕೆಳಗಿನ ಹೆಜ್ಜೆಗಳಲ್ಲಿ ನಾನು ಕಥೆ ಕಟ್ಟಿದ ಒಂದು ಸೀಳುಬಂಡೆಯನ್ನೇ ಉದಾಹರಣೆಯಾಗಿ ಜೊತೆಗೆ ತರುತ್ತೇನೆ.

ಹೆಜ್ಜೆ 1: ಕಾಲ್ನಡಿಗೆಯಲ್ಲಿ ಹೋಗಿಬರುವ ಜಾಗ ಆರಿಸಿ

ಪ್ರಸಿದ್ಧ ಜಾಗ ಬೇಡ, ಹತ್ತಿರದ್ದು ಬೇಕು. ಮತ್ತೆ ಮತ್ತೆ ಹೋಗಬೇಕಾಗುತ್ತದೆ. ನೋಡಿದ ತಕ್ಷಣ “ಇದು ಯಾಕೆ ಹೀಗಿದೆ?” ಅನ್ನಿಸುವ ಒಂದಾದರೂ ವಿಚಿತ್ರ ಅದರಲ್ಲಿರಲಿ. ಸುಂದರವಾಗಿದೆ ಅನ್ನುವುದಷ್ಟೇ ಸಾಲದು. ಚೆಂದದ ಜಲಪಾತಕ್ಕಿಂತ ಬೇಸಿಗೆಯಲ್ಲೂ ಬತ್ತದ ಚಿಕ್ಕ ಗುಂಡಿ ಕಥೆಗೆ ಹೆಚ್ಚು ಒದಗುತ್ತದೆ.

ಹೆಜ್ಜೆ 2: ಆ ಜಾಗಕ್ಕೆ ಆಗಲೇ ಕಥೆ ಇದೆಯೇ ಕೇಳಿ

ಈ ಹೆಜ್ಜೆಯನ್ನು ಹಾರಿಸಬೇಡಿ. ಅಲ್ಲಿ ಬದುಕುವವರನ್ನು, ಅದರಲ್ಲೂ ವಯಸ್ಸಾದವರನ್ನು, ದನ ಕುರಿ ಮೇಯಿಸುವವರನ್ನು, ಮೀನು ಹಿಡಿಯುವವರನ್ನು ಮಾತಾಡಿಸಿ. ಅದನ್ನು ಏನೆಂದು ಕರೆಯುತ್ತಾರೆ, ಅಲ್ಲಿ ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂದು ಕೇಳಿ.

ಜನ ಇವತ್ತಿಗೂ ನಂಬುವ, ನಡೆದುಕೊಳ್ಳುವ ಕಥೆ ಇದ್ದರೆ ಅದರ ಮೇಲೆ ನಿಮ್ಮದನ್ನು ಹೇರಬೇಡಿ, ಬೇರೆ ಜಾಗ ಹುಡುಕಿ. ಆಸ್ಟ್ರೇಲಿಯಾದ ಉಲುರು ಬಂಡೆ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಪವಿತ್ರ. ಅದರ ಕಥೆಗಳಲ್ಲಿ ಕೆಲವು ಎಲ್ಲರೆದುರು ಹೇಳುವಂಥವಲ್ಲ; ಹಕ್ಕಿರುವವರು, ಕೇಳಬೇಕಾದವರಿಗೆ ಮಾತ್ರ ಹೇಳುತ್ತಾರೆ. ಹತ್ತಬೇಡಿ ಎಂದು ಅವರು ದಶಕಗಳ ಕಾಲ ಕೇಳಿಕೊಂಡ ಮೇಲೆ 2019ರ ಅಕ್ಟೋಬರಿನಲ್ಲಿ ಬಂಡೆ ಹತ್ತುವುದನ್ನು ನಿಲ್ಲಿಸಲಾಯಿತು. ಅಂಥ ಕಲ್ಲಿಗೆ ಹೊರಗಿನವರು ಹೊಸ ಕಥೆ ಕಟ್ಟುವುದೆಂದರೆ ಇನ್ನೊಬ್ಬರ ಮನೆಯ ಬಾಗಿಲಿಗೆ ನಮ್ಮ ಹೆಸರಿನ ಫಲಕ ಹೊಡೆದಂತೆ.

ಹೆಸರು ಮಾತ್ರ ಇದ್ದು ಕಥೆ ಮರೆತುಹೋಗಿರುವ ಜಾಗಗಳೂ ಇರುತ್ತವೆ. ನನಗೆ ಅವು ಬಹಳ ಇಷ್ಟ. ಹೆಸರನ್ನು ಹಾಗೆಯೇ ಇಟ್ಟುಕೊಂಡು ಅದಕ್ಕೆ ಹೊಂದುವ ಹಾಗೆ ಕಟ್ಟಬಹುದು.

ಹೆಜ್ಜೆ 3: ನೋಡಿ, ಮುಟ್ಟಿ, ಕಿವಿಗೊಡಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು, ಹಿಡಿಯಬೇಕಾದದ್ದು ಇದು. ಕಡಿಮೆಯೆಂದರೆ ನಾಲ್ಕು ಸಲ ಹೋಗಿ: ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಬಿದ್ದ ಮಾರನೆಯ ದಿನ ಒಮ್ಮೆ, ಗಾಳಿ ಇರುವಾಗ ಒಮ್ಮೆ. ಕ್ಯಾಮೆರಾ ಇರಲಿ, ಆದರೆ ಪುಸ್ತಕ ಪೆನ್ಸಿಲ್ ತಪ್ಪದೆ ಇರಲಿ. ಕೈಯಿಂದ ಚಿತ್ರ ಬಿಡಿಸುವಾಗ ಕಣ್ಣು ಅಂಚು ಅಂಚಿನಲ್ಲೂ ಹರಿದಾಡಬೇಕಾಗುತ್ತದೆ. ಫೋಟೋ ತೆಗೆಯುವಾಗ ಆ ಶ್ರಮ ಇರುವುದಿಲ್ಲ.

ದೂರವನ್ನು ಬದಲಿಸುತ್ತ ನೋಡುವುದು ಮುಖ್ಯ. ಈಗಿನ ಟರ್ಕಿಯ ಸಿಪಿಲಸ್ ಬೆಟ್ಟದಲ್ಲಿ ಅಳುವ ಬಂಡೆ ಒಂದಿದೆ. ಹದಿನಾಲ್ಕು ಮಕ್ಕಳಿದ್ದಾರೆಂದು ಬೀಗಿ, ದೇವತೆಗಳ ಕೋಪಕ್ಕೆ ಗುರಿಯಾಗಿ ಅಷ್ಟೂ ಮಕ್ಕಳನ್ನು ಕಳೆದುಕೊಂಡ ನಿಯೋಬಿ ಅತ್ತತ್ತು ಕಲ್ಲಾದಳು ಎಂದು ಗ್ರೀಕರ ಕಥೆ. 2ನೇ ಶತಮಾನದ ಗ್ರೀಕ್ ಪ್ರವಾಸಿ ಪೌಸೇನಿಯಸ್ ಬೆಟ್ಟ ಹತ್ತಿ ಅದನ್ನು ನೋಡಿದ್ದ. ಹತ್ತಿರ ಹೋದರೆ ಅದು ಬರೀ ಕಡಿದಾದ ಬಂಡೆ, ಹೆಂಗಸಿನ ಹೋಲಿಕೆ ಒಂದಿಷ್ಟೂ ಇಲ್ಲ. ದೂರ ಸರಿದು ನೋಡಿದರೆ ತಲೆ ತಗ್ಗಿಸಿ ಅಳುತ್ತಿರುವ ಹೆಂಗಸು ಕಾಣುತ್ತಾಳೆ ಎಂದು ಬರೆದಿಟ್ಟಿದ್ದಾನೆ. ಆ ಕಥೆ ಹುಟ್ಟಿದ್ದು ಬಂಡೆಯ ಬುಡದಲ್ಲಲ್ಲ, ಒಂದಿಷ್ಟು ದೂರದಲ್ಲಿ. ನಿಮ್ಮ ಜಾಗವೂ ಎಲ್ಲಿಂದ ನೋಡಿದರೆ ಮಾತಾಡುತ್ತದೆ ಎಂಬುದನ್ನು ಕಂಡುಹಿಡಿಯಿರಿ. ಮುಂದೆ ಕಥೆ ಹೇಳುವಾಗ ಕೇಳುವವರನ್ನು ಕೂರಿಸಬೇಕಾದದ್ದೂ ಅಲ್ಲೇ.

ಶಬ್ದವನ್ನು ಹೆಚ್ಚಿನವರು ಮರೆಯುತ್ತಾರೆ. ಬಳ್ಳಾರಿ ಬಳಿಯ ಕುಪ್ಪಗಲ್ಲು ಬೆಟ್ಟದಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ನಾದ ಕೊಡುವ ಡೋಲರೈಟ್ ಬಂಡೆಗಳಿವೆ. ಹಳೆಯ ಕಾಲದವರು ಬಡಿದು ಬಡಿದು ಆದ ಗುಳಿಗಳೂ ಅವುಗಳ ಮೇಲೆ ಉಳಿದಿವೆ. ಬರೀ ಕಣ್ಣಿಂದ ನೋಡಿ ಬಂದವರಿಗೆ ಅದು ಕಪ್ಪು ಕಲ್ಲಿನ ರಾಶಿಯಷ್ಟೇ. ನಿಮ್ಮ ಜಾಗದಲ್ಲಿ ಗಾಳಿ ಹೇಗೆ ಸದ್ದು ಮಾಡುತ್ತದೆ, ಕೂಗಿದರೆ ಮಾರ್ದನಿ ಬರುತ್ತದೆಯೇ, ಕಲ್ಲು ಬಿಸಿಲಿನಲ್ಲಿ ಎಷ್ಟು ಹೊತ್ತಿಗೆ ಕಾಯುತ್ತದೆ, ನೆರಳಿನ ಮಗ್ಗುಲು ಎಷ್ಟು ತಣ್ಣಗಿದೆ, ಎಲ್ಲಿ ಪಾಚಿ, ಎಲ್ಲಿ ಇರುವೆ ಸಾಲು, ಎಲ್ಲಿ ಹುಲ್ಲು ಹುಟ್ಟುವುದಿಲ್ಲ, ಎಲ್ಲವನ್ನೂ ಬರೆದುಕೊಳ್ಳಿ. ಹೋಲಿಕೆ ಬರೆಯಬೇಡಿ, ಕಂಡದ್ದನ್ನು ಮಾತ್ರ ಬರೆಯಿರಿ. “ಆನೆಯಂತಿದೆ” ಎಂದು ಒಮ್ಮೆ ಬರೆದರೆ ಮುಗಿಯಿತು, ಆಮೇಲೆ ಆನೆಯ ಹೊರತು ಬೇರೇನೂ ಕಾಣುವುದಿಲ್ಲ.

ಸೀಳುಬಂಡೆಯ ಬಗ್ಗೆ ನಾನು ಬರೆದುಕೊಂಡದ್ದು ಇಷ್ಟು. ಬಯಲ ನಡುವೆ ಒಂದೇ ಬಂಡೆ. ಕಣ್ಣು ಹರಿಯುವವರೆಗೆ ಇನ್ನೊಂದಿಲ್ಲ. ನೆತ್ತಿಯಿಂದ ಬುಡದ ತನಕ ಸೀಳು, ಒಬ್ಬರು ಮಗ್ಗುಲಾಗಿ ನುಗ್ಗಬಹುದಾದಷ್ಟು ಅಗಲ. ಪಡುವಣದ ಹೋಳು ನೆಟ್ಟಗಿದೆ, ಮೂಡಣದ ಹೋಳು ಹೊರಕ್ಕೆ ಬಾಗಿದೆ. ಬಾಗಿದ ಹೋಳಿನ ಕೆಳಗೆ ಹುಲ್ಲಿಲ್ಲ. ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತರೆ ಮುಚ್ಚುವಷ್ಟು ಬೋಳು ನೆಲ. ನೆಟ್ಟಗಿರುವ ಹೋಳಿನ ಮೇಲ್ಭಾಗದಲ್ಲಿ ಎರಡು ಕೆಂಪು ಗೆರೆ. ಸಂಜೆ ಗಾಳಿ ಎದ್ದಾಗ ಸೀಳಿನಿಂದ ಒಂದು ಸದ್ದು, ಬಾಯಿ ಮುಚ್ಚಿ ಮೂಗಿನಲ್ಲಿ ರಾಗ ಎಳೆದಂತೆ. ಮಧ್ಯಾಹ್ನ ಹೋದ ದಿನ ಸದ್ದಿರಲಿಲ್ಲ.

ಹೆಜ್ಜೆ 4: ನಿಜವಾದ ಕಾರಣವನ್ನೂ ತಿಳಿದುಕೊಳ್ಳಿ

ಪುರಾಣ ಕಟ್ಟುವವರಿಗೆ ಭೂವಿಜ್ಞಾನ ಯಾಕೆ ಎಂದು ಕೇಳುವವರಿದ್ದಾರೆ. ನಿಜವಾದ ಕಾರಣದಲ್ಲಿ ಕಥೆಗೆ ಬೇಕಾದ ಚಲನೆ ಸಿಗುತ್ತದೆ, ಅದಕ್ಕೆ. ಜೈಂಟ್ಸ್ ಕಾಸ್‌ವೇ ಆದದ್ದು ಸುಮಾರು 6 ಕೋಟಿ ವರ್ಷಗಳ ಹಿಂದಿನ ಲಾವಾದಿಂದ. ಲಾವಾ ತಣಿಯುತ್ತ ಕುಗ್ಗುತ್ತದೆ, ಕುಗ್ಗುವಾಗ ಬಿರುಕು ಬಿಡುತ್ತದೆ, ಒಣಗಿದ ಕೆರೆಯ ಕೆಸರು ಬಿರಿದಂತೆ. ಆ ಬಿರುಕು ಆಳಕ್ಕೆ ಇಳಿದು ಕಂಬಗಳಾಗುತ್ತವೆ. ನದಿಯ ಬಂಡೆಯಲ್ಲಿ ಕಾಣುವ ದುಂಡು ಗುಂಡಿಗಳು ಸುಳಿಗೆ ಸಿಕ್ಕ ಕಲ್ಲುಗಳು ವರ್ಷಗಟ್ಟಲೆ ಒಂದೇ ಕಡೆ ತಿರುಗಿ ಕೊರೆದವು. ಬಯಲಲ್ಲಿ ಒಂಟಿಯಾಗಿ ನಿಂತ ಗ್ರಾನೈಟ್ ಗುಂಡು ಎಷ್ಟೋ ಸಲ ಎಲ್ಲಿಂದಲೋ ಉರುಳಿ ಬಂದದ್ದಲ್ಲ, ಅಲ್ಲೇ ಇದ್ದದ್ದು. ನೆಲದೊಳಗೆ ಬಿರುಕುಗಳಲ್ಲಿ ನೀರಿಳಿದು ಸುತ್ತಲಿನ ಶಿಲೆ ಸವೆದು ಮಣ್ಣಾಯಿತು, ಆ ಮಣ್ಣು ಕೊಚ್ಚಿಹೋಯಿತು, ಗಟ್ಟಿಯಾದ ತಿರುಳು ಉಳಿಯಿತು. ಜೊತೆಯವರೆಲ್ಲ ಹೋದ ಮೇಲೆ ಉಳಿದುಕೊಂಡ ಕಲ್ಲು ಎಂದು ತಿಳಿದಾಗ ನನ್ನ ಬಂಡೆಯ ಕಥೆ ಅರ್ಧ ತೆರೆದುಕೊಂಡಿತು.

ಕೆಲವು ಹಳೆಯ ಪುರಾಣಗಳಲ್ಲಿ ನಿಜವಾದ ಘಟನೆಯ ನೆನಪೂ ಉಳಿದಿದೆ. ಅಮೆರಿಕದ ಓರೆಗಾನ್‌ನಲ್ಲಿರುವ ಕ್ರೇಟರ್ ಲೇಕ್ 594 ಮೀಟರ್ ಆಳದ ಸರೋವರ. ಸುಮಾರು 7,700 ವರ್ಷಗಳ ಹಿಂದೆ ಮಜಾಮಾ ಎಂಬ ಜ್ವಾಲಾಮುಖಿ ಸಿಡಿದು, ಬೆಟ್ಟದ ನೆತ್ತಿ ತನ್ನೊಳಗೇ ಕುಸಿದು ಆದ ಕುಳಿ ಅದು. ಪಾತಾಳದ ಒಡೆಯ ಲಾವೊ, ಆಕಾಶದ ಒಡೆಯ ಸ್ಕೆಲ್ ಇಬ್ಬರೂ ಬೆಂಕಿ ಬಂಡೆ ಎಸೆದಾಡಿ ಕಾದಾಡಿದರು, ಕೊನೆಗೆ ಲಾವೊ ಸೋತ, ಬೆಟ್ಟ ಅವನ ಮೇಲೆ ಕುಸಿಯಿತು ಎನ್ನುತ್ತಾರೆ ಅಲ್ಲಿನ ಕ್ಲಾಮತ್ ಜನ. ಬೆಟ್ಟ ಕುಸಿದದ್ದನ್ನು ಕಂಡವರ ನೆನಪು ಬಾಯಿಂದ ಬಾಯಿಗೆ ಇಳಿದು ಬಂದಿದೆ ಎಂದು ಅನೇಕ ವಿದ್ವಾಂಸರು ನಂಬುತ್ತಾರೆ. ಹೀಗೆ ಪುರಾಣದೊಳಗಿನ ಭೂಮಿಯ ಚರಿತ್ರೆಯನ್ನು ಹುಡುಕುವ ಅಧ್ಯಯನಕ್ಕೆ ಭೂವಿಜ್ಞಾನಿ ಡೊರೊಥಿ ವಿಟಾಲಿಯಾನೊ 1968ರಲ್ಲಿ ಜಿಯೋಮಿಥಾಲಜಿ ಎಂದು ಹೆಸರಿಟ್ಟರು.

ತಿಳಿದುಕೊಂಡದ್ದನ್ನು ಕಥೆಯೊಳಗೆ ಪಾಠದಂತೆ ತುರುಕಬೇಡಿ. ಅದು ಅಡಿಪಾಯದಲ್ಲಿರಲಿ.

ಹೆಜ್ಜೆ 5: ಗುರುತುಗಳನ್ನು ಪ್ರಶ್ನೆಗಳಾಗಿ ತಿರುಗಿಸಿ

ಬರೆದುಕೊಂಡ ಪ್ರತಿ ಸಾಲಿನ ಮುಂದೆ ‘ಯಾಕೆ’ ಸೇರಿಸಿ. ಈ ಬಂಡೆ ಯಾಕೆ ಒಂಟಿ? ಯಾಕೆ ಸೀಳಿತು? ಒಂದು ಹೋಳು ಮಾತ್ರ ಯಾಕೆ ಬಾಗಿತು? ಅದರ ಕೆಳಗೆ ಯಾಕೆ ಹುಲ್ಲಿಲ್ಲ? ಸದ್ದು ಸಂಜೆಗೇ ಯಾಕೆ? ಕೆಂಪು ಗೆರೆ ಯಾಕೆ?

ಈಗ ಇವುಗಳಲ್ಲಿ ಎಲ್ಲವನ್ನೂ ಎಳೆದುಕೊಂಡು ಬರಬಲ್ಲ ಒಂದು ಪ್ರಶ್ನೆಯನ್ನು ಆರಿಸಬೇಕು. ಎದ್ದು ಕಾಣುವುದನ್ನೇ ಆರಿಸಬೇಕೆಂದಿಲ್ಲ. ನಾನು ಮೊದಲು ಸೀಳನ್ನು ಹಿಡಿದುಕೊಂಡೆ. ಸೀಳು ಅಂದ ತಕ್ಷಣ ಸಿಡಿಲು, ಕೊಡಲಿ, ದೈತ್ಯನ ಗುದ್ದು ಇವೇ ಬಂದವು, ಯಾರಿಗಾದರೂ ಹೊಳೆಯುವಂಥವು. ಮೂರು ದಿನ ಅದರಲ್ಲೇ ಕಳೆದೆ. ಆಮೇಲೆ ಸದ್ದಿನ ಕಡೆ ತಿರುಗಿದೆ. ಆ ಸದ್ದನ್ನು ಬಾಯಲ್ಲಿ ಮಾಡಿ ನೋಡಿದೆ: ಹೂಂ. ಕಥೆ ಕೇಳುವಾಗ ನಾವು ಅನ್ನುವ ಹೂಂ! ಅಲ್ಲಿಂದ ಮುಂದೆ ಉಳಿದ ಪ್ರಶ್ನೆಗಳು ತಾವಾಗಿ ಸಾಲು ಹಿಡಿದವು. ಹೂಂಗುಟ್ಟುವುದಕ್ಕೆ ಬಾಯಿ ಬೇಕು, ಬಂಡೆಗೆ ಬಾಯಿಲ್ಲ, ಸೀಳು ಅದರ ಬಾಯಿ. ಕಥೆ ಕೇಳುವವರು ದನಿ ಕೇಳಿಸದಿದ್ದರೆ ಬಾಗುತ್ತಾರೆ. ಬಾಗಿದ ಕಡೆ ಯಾರೋ ಕೂತಿದ್ದರು.

ಮೊದಲು ಹೊಳೆದ ಉತ್ತರವನ್ನು ಬರೆದು ಪಕ್ಕಕ್ಕಿಡಿ, ಎರಡನೆಯದನ್ನೂ ಇಡಿ. ಮೂರನೆಯದಕ್ಕೆ ಕಾಯಿರಿ. ಅದು ಬರುವುದು ನೀವು ಬರೆದುಕೊಂಡ ವಿವರಗಳಿಂದ.

ಹೆಜ್ಜೆ 6: ಜಾಗಕ್ಕೂ ಪಾತ್ರಕ್ಕೂ ನಂಟು ಏನು, ತೀರ್ಮಾನಿಸಿ

ಲೋಕದ ಸ್ಥಳಪುರಾಣಗಳನ್ನು ಗಮನಿಸಿದರೆ ಈ ನಂಟು ಕೆಲವೇ ಬಗೆಗಳಲ್ಲಿ ಬರುತ್ತದೆ. ಕೆಲವು ಕಡೆ ಪಾತ್ರವೇ ಕಲ್ಲಾಗುತ್ತದೆ. ಹಂಪಿಯಲ್ಲಿ ಒಂದಕ್ಕೊಂದು ಒರಗಿ ನಿಂತ ಎರಡು ದೊಡ್ಡ ಬಂಡೆಗಳನ್ನು ಅಕ್ಕ ತಂಗಿ ಗುಡ್ಡ ಎನ್ನುತ್ತಾರೆ. ಊರನ್ನು ಹೀಗಳೆದ ಅಕ್ಕ ತಂಗಿಯರು ದೇವಿಯ ಶಾಪದಿಂದ ಕಲ್ಲಾದರಂತೆ. ಒರಗಿ ನಿಂತ ಭಂಗಿಯಿಂದಲೇ ಅವರು ಅಕ್ಕ ತಂಗಿಯಾದದ್ದು. ದೂರ ದೂರ ನಿಂತಿದ್ದರೆ ಬೇರೆ ಕಥೆ ಆಗುತ್ತಿತ್ತು.

ಇನ್ನು ಕೆಲವು ಕಡೆ ಜಾಗ ಒಂದು ಕೆಲಸದ ಗುರುತಾಗಿ ಉಳಿದಿರುತ್ತದೆ. ಅಮೆರಿಕದ ವಯೋಮಿಂಗ್‌ನ ಡೆವಿಲ್ಸ್ ಟವರ್ ಬಂಡೆಯ ಮೈತುಂಬ ಮೇಲಿಂದ ಕೆಳಕ್ಕೆ ಗೀರುಗಳು. ಕರಡಿಗೆ ಹೆದರಿ ಹುಡುಗಿಯರು ಒಂದು ಬಂಡೆ ಹತ್ತಿದರು, ಅವರನ್ನು ಕಾಯಲು ಬಂಡೆ ಬೆಳೆಯಿತು, ಕರಡಿ ಪರಚುತ್ತಲೇ ಉಳಿಯಿತು, ಹುಡುಗಿಯರು ನಕ್ಷತ್ರಗಳಾದರು ಎಂದು ಕಯೋವಾ ಜನ ಹೇಳುತ್ತಾರೆ. ನ್ಯೂಜಿಲೆಂಡಿನ ಮಾವೊರಿಗಳ ಕಥೆಯಲ್ಲಿ ತರನಕಿ ಬೆಟ್ಟ ಪಿಹಂಗ ಎಂಬ ಬೆಟ್ಟವನ್ನು ಮೆಚ್ಚಿ, ತೊಂಗರಿರೊ ಬೆಟ್ಟದೊಡನೆ ಕಾದಾಡಿ ಸೋತು, ಪಡುವಣದ ಕಡಲಿನತ್ತ ಹೊರಟುಹೋಗುತ್ತದೆ. ಅದು ಎಳೆದುಕೊಂಡು ಹೋದ ಗೀರೇ ವಾಂಗನುಯಿ ನದಿಯ ಪಾತ್ರ. ಬೆಟ್ಟ ಒಂಟಿಯಾಗಿ ದೂರ ನಿಂತಿರುವುದು, ನದಿ ಹರಿಯುವ ದಾರಿ, ಎರಡಕ್ಕೂ ಒಂದೇ ನೋವು ಕಾರಣ. ನನ್ನ ಮಟ್ಟಿಗೆ ಇದಕ್ಕಿಂತ ಚೆಂದದ ಸ್ಥಳಪುರಾಣ ಇಲ್ಲ.

ಮೂರನೆಯದು ವಸ್ತು: ಬಿದ್ದದ್ದು, ಚೆಲ್ಲಿದ್ದು, ಮರೆತು ಬಿಟ್ಟುಹೋದದ್ದು. ಅಗಸ್ತ್ಯರ ಕಮಂಡಲವನ್ನು ಕಾಗೆ ಉರುಳಿಸಿತು, ಕಾವೇರಿ ಹರಿದಳು. ಇಷ್ಟು ಚಿಕ್ಕ ಕೆಲಸದಿಂದ ಅಷ್ಟು ದೊಡ್ಡ ನದಿ! ದೊಡ್ಡ ಜಾಗಕ್ಕೆ ದೊಡ್ಡ ಯುದ್ಧವೇ ಬೇಕೆಂದು ಹೊರಡುವ ಮುಂಚೆ ಈ ಕಾಗೆಯನ್ನು ನೆನೆಸಿಕೊಳ್ಳಿ.

ನಂಟು ಯಾವುದೇ ಇರಲಿ, ಪಾತ್ರಕ್ಕೊಂದು ಆಸೆ ಇರಬೇಕು, ಅದಕ್ಕೊಂದು ಅಡ್ಡಿ ಇರಬೇಕು, ಕೊನೆಗೆ ವಾಪಸು ಪಡೆಯಲಾಗದಂಥ ಒಂದು ಕೆಲಸ ನಡೆಯಬೇಕು. ಜಾಗ ಇವತ್ತಿಗೂ ಹಾಗೇ ಇರುವುದು ಆ ಕೆಲಸ ಹಿಂದಕ್ಕೆ ಸರಿಯದ ಕಾರಣದಿಂದ. ಶಾಪ, ವರ, ಆಣೆ ಇವೆಲ್ಲ ಪುರಾಣಗಳಲ್ಲಿ ಮತ್ತೆ ಮತ್ತೆ ಬರುವುದು ಇದಕ್ಕೇ: ಕೊಟ್ಟ ಮಾತು ಹಿಂದಕ್ಕೆ ಹೋಗುವುದಿಲ್ಲ. ಆದರೆ ಶಾಪವನ್ನು ಸುಲಭದ ದಾರಿಯಾಗಿ ಬಳಸಬೇಡಿ. ಪಾತ್ರ ತಾನೇ ಆರಿಸಿಕೊಂಡು ಮಾಡಿದ ಕೆಲಸ ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ.

ಕಥೆಯ ಲೋಕಕ್ಕೆ ಒಂದೇ ಒಂದು ಅದ್ಭುತ ನಿಯಮ ಇಡಿ, ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ. ನನ್ನದು: ಆಗ ಬಂಡೆಗಳು ನಡೆಯುತ್ತಿದ್ದವು. ಅಷ್ಟು ಒಪ್ಪಿಕೊಂಡವರು ಮಿಕ್ಕದ್ದನ್ನೆಲ್ಲ ಒಪ್ಪಿಕೊಳ್ಳುತ್ತಾರೆ. ಆಮೇಲೆ ನಡುವೆ ಮಂತ್ರವಾದಿ, ಹಾರುವ ಕುದುರೆ ತಂದರೆ ಬಿಗಿ ತಪ್ಪುತ್ತದೆ.

ಹೆಜ್ಜೆ 7: ಒಂದೇ ಉಸಿರಿನಲ್ಲಿ ಹೇಳುವಷ್ಟು ಬರೆಯಿರಿ

ಮೊದಲ ಕರಡು ಮೂರು ನಾಲ್ಕು ನಿಮಿಷದಲ್ಲಿ ಹೇಳಿ ಮುಗಿಸುವಷ್ಟಿರಲಿ. ನನ್ನದು ಹಲವು ಸಲ ತಿದ್ದಿದ ಮೇಲೆ ಹೀಗಾಯಿತು:

“ಆಗ ಬಂಡೆಗಳಿಗೆ ನಡಿಗೆ ಇತ್ತು. ಹಗಲೆಲ್ಲ ಮಲಗಿದ್ದು, ಹೊತ್ತು ಮುಳುಗಿದ ಮೇಲೆ ಎದ್ದು ಹಿಂಡು ಹಿಂಡಾಗಿ ಪಡುವಣಕ್ಕೆ ಹೋಗುತ್ತಿದ್ದವು. ಹಾಗೆ ಹೊರಟ ಒಂದು ಹಿಂಡು ಈ ಬಯಲು ದಾಟುತ್ತಿತ್ತು. ಬಯಲಲ್ಲಿ ಒಬ್ಬಳು ಮುದುಕಿ ಕೂತು ಕಥೆ ಹೇಳುತ್ತಿದ್ದಳು. ಎದುರಿಗೆ ಯಾರೂ ಇರಲಿಲ್ಲ. ಒಂದಿಷ್ಟು ಹೇಳುವಳು, ನಿಲ್ಲಿಸಿ ಕಿವಿಗೊಡುವಳು, ಮತ್ತೆ ಅದನ್ನೇ ಹೇಳುವಳು.

ಹಿಂಡಿನ ಕೊನೆಯ ಬಂಡೆ ನಿಂತಿತು.

‘ಕೇಳ್ತಿದ್ದೀಯೇನಪ್ಪ?’ ಅಂದಳು ಮುದುಕಿ. ‘ಕೇಳೋದಾದರೆ ಹೂಂ ಅನ್ನು. ಹೂಂ ಅನ್ನೋರಿಲ್ಲದೆ ಕಥೆ ಮುಂದಕ್ಕೆ ಹೋಗಲ್ಲ. ಕಥೆ ನಡೆಯೋತನಕ ನನ್ನ ಉಸಿರು.’

ಬಂಡೆಗೆ ಬಾಯಿರಲಿಲ್ಲ. ಮುಂದೆ ಹೋದ ಹಿಂಡು ನೆಲ ಗುದ್ದಿ ಕರೆಯಿತು: ಬೆಳಗಾದರೆ ನಿಂತಲ್ಲೇ ಉಳಿಯುತ್ತೀಯೆ, ಬಾ. ಮುದುಕಿ ಕಾಯುತ್ತಿದ್ದಳು. ಅವಳ ಉಸಿರು ಸಣ್ಣಗಾಗುತ್ತಿತ್ತು. ಬಂಡೆ ನೆತ್ತಿಯಿಂದ ಬುಡದವರೆಗೆ ತನ್ನನ್ನು ತಾನೇ ಸೀಳಿಕೊಂಡಿತು. ಸೀಳಿನಿಂದ ಗಾಳಿ ಹೊರಟಿತು: ಹೂಂ.

ಕಥೆ ಮುಂದಕ್ಕೆ ಹೋಯಿತು. ರಾತ್ರಿಯೆಲ್ಲ ಕಥೆ, ರಾತ್ರಿಯೆಲ್ಲ ಹೂಂ. ಬೆಳಗಿನ ಜಾವಕ್ಕೆ ಮುದುಕಿಯ ದನಿ ಇಳಿಯಿತು. ಬಂಡೆ ಒಂದು ಹೋಳನ್ನು ಅವಳತ್ತ ಬಾಗಿಸಿತು. ದನಿ ಇನ್ನೂ ಇಳಿಯಿತು, ಬಂಡೆ ಇನ್ನೂ ಬಾಗಿತು. ‘ಆಮೇಲೆ ಆ ಹುಡುಗಿ ಬಾಗಿಲು ತೆಗೆದು ನೋಡ್ತಾಳೆ’ ಅಂದಳು ಮುದುಕಿ. ಬೆಳಕು ಹರಿಯಿತು.

ಅವಳು ಕೂತಿದ್ದ ನೆಲದಲ್ಲಿ ಹುಲ್ಲು ಹುಟ್ಟಲಿಲ್ಲ. ಬಂಡೆ ಬಾಗಿದ್ದು ಬಾಗಿದ ಹಾಗೇ ನಿಂತಿತು. ಕಥೆ ನಿಂತುಹೋಯಿತೆಂದು ಅದಕ್ಕೆ ಯಾರೂ ಹೇಳಿಲ್ಲ. ಹೊತ್ತು ಮುಳುಗಿದರೆ ಇವತ್ತಿಗೂ ಅನ್ನುತ್ತದೆ: ಹೂಂ.”

ಹೆಜ್ಜೆ 8: ಕಥೆಯನ್ನು ಕಲ್ಲಿನ ಪಕ್ಕಕ್ಕಿಟ್ಟು ಒರೆ ಹಚ್ಚಿ

ಕರಡು ಹಿಡಿದುಕೊಂಡು ಜಾಗಕ್ಕೆ ಹೋಗಿ. ಒಂದೊಂದು ಸಾಲು ಓದಿ, ಅದರ ಸಾಕ್ಷಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಸಾಕ್ಷಿಯೂ ಇಲ್ಲದ, ಪಾತ್ರದ ಆಸೆಗೂ ಬೇಡವಾದ ಸಾಲು ತೆಗೆಯಿರಿ. ನನ್ನ ಮೊದಲ ಕರಡಿನಲ್ಲಿ ಮುದುಕಿಗೆ ಕಳೆದುಹೋದ ಮಗನಿದ್ದ, ಒಂದು ನಾಯಿಯಿತ್ತು. ನಾಯಿಯನ್ನು ಬಿಡಲು ನನಗೆ ಬಹಳ ಕಷ್ಟವಾಯಿತು. ಆದರೆ ಆ ಬಂಡೆಯ ಮೇಲೆ ನಾಯಿಯ ಗುರುತು ಎಲ್ಲೂ ಇರಲಿಲ್ಲ.

ಎರಡನೆಯ ಪರೀಕ್ಷೆ ಇನ್ನೂ ಕಠಿಣ. ಈ ಕಥೆಯನ್ನು ಎತ್ತಿ ಬೇರೊಂದು ಬಂಡೆಯ ಪಕ್ಕ ಇಟ್ಟರೆ ನಿಲ್ಲುತ್ತದೆಯೇ? ಏನೂ ಬದಲಿಸದೆ ನಿಂತರೆ, ನೀವು ಈ ಬಂಡೆಯ ಕಥೆ ಬರೆದಿಲ್ಲ. ಮೂರನೆಯ ಹೆಜ್ಜೆಗೆ ವಾಪಸು ಹೋಗಿ. ಯಾಣದ ಭಸ್ಮಾಸುರನ ಕಥೆ ನೋಡಿ. ಭಸ್ಮಾಸುರ ಉರಿದು ಬೂದಿಯಾದ ಕಥೆ ಎಲ್ಲಿ ಬೇಕಾದರೂ ನಡೆದಿರಬಹುದು. ಆದರೆ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಸುಟ್ಟಂತೆ ಕಪ್ಪಾದ ಆ ಸುಣ್ಣಕಲ್ಲು, ಕಾಲಡಿಯ ಕಪ್ಪು ಮಣ್ಣು ಇವೆಲ್ಲ ಒಟ್ಟಾಗಿ ಅದನ್ನು ಅಲ್ಲೇ ಕಟ್ಟಿಹಾಕಿವೆ.

ಒಂದು ಗುರುತನ್ನು ಮಾತ್ರ ವಿವರಿಸದೆ ಬಿಡಿ. ಎಲ್ಲಕ್ಕೂ ಉತ್ತರ ಕೊಟ್ಟ ಕಥೆ ಲೆಕ್ಕ ಬಿಡಿಸಿದ ಹಾಗೆ ಕಾಣುತ್ತದೆ. ಆ ಎರಡು ಕೆಂಪು ಗೆರೆಗಳನ್ನು ನಾನು ಬಿಟ್ಟಿದ್ದೇನೆ. ಕೇಳಿದವರು ಅವನ್ನು ತೋರಿಸಿ “ಅದು?” ಅಂದಾಗ, ನೀವೇ ಹೇಳಿ ಅನ್ನುತ್ತೇನೆ. ಹಿಂಡಿನವರು ಎಳೆದ ಗುರುತು ಎಂದು ಒಬ್ಬರು, ಬೆಳಕು ಹರಿದಾಗ ತಾಗಿದ ಮೊದಲ ಬಿಸಿಲು ಎಂದು ಇನ್ನೊಬ್ಬರು.

ಹೆಜ್ಜೆ 9: ಮಾತು ತಿದ್ದಿ

ಪುರಾಣ ಬಾಯಿಂದ ಬಾಯಿಗೆ ಹೋಗುವಂಥದ್ದು. ವಾಕ್ಯ ಚಿಕ್ಕದಿರಲಿ, ಕ್ರಿಯಾಪದ ಗಟ್ಟಿಯಿರಲಿ. ಪಾತ್ರದ ಮನಸ್ಸಿನೊಳಗೆ ಇಳಿದು ವಿವರಿಸಬೇಡಿ, ಅದು ಏನು ಮಾಡಿತೆಂದು ಹೇಳಿ. “ಬಂಡೆಗೆ ಮರುಕ ಹುಟ್ಟಿತು” ಎಂದು ಬರೆದಿದ್ದೆ, ಹೊಡೆದುಹಾಕಿದೆ. ಸೀಳಿಕೊಂಡಿತು ಅಂದ ಮೇಲೆ ಮರುಕ ಬೇರೆ ಹೇಳಬೇಕಿಲ್ಲ.

ಜನ ಎತ್ತಿಕೊಂಡು ಹೋಗುವುದು ಒಂದು ಮಾತನ್ನು. ತಲಕಾಡಿನ ಅಲಮೇಲಮ್ಮನ ಐತಿಹ್ಯದ ವಿವರ ಗೊತ್ತಿಲ್ಲದವರಿಗೂ “ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ” ಎಂಬುದು ಬಾಯಿಗೆ ಬರುತ್ತದೆ. ಎರಡು ಊರು, ಎರಡು ಗತಿ, ಮ-ಕಾರದ ಪ್ರಾಸ, ಮುಗಿಯಿತು. ಹೋಗಿ ನೋಡಿದರೆ ಮರಳೂ ಇದೆ, ಮಡುವೂ ಇದೆ. ನಿಮ್ಮ ಕಥೆಯಲ್ಲೂ ಅಂಥ ಒಂದು ಮಾತಿಗೆ ಜಾಗ ಮಾಡಿ, ಆದರೆ ಅದು ಪಾತ್ರದ ಬಾಯಲ್ಲಿ ಬರಲಿ.

ಹೆಸರಿಡುವಾಗ ಸಂಸ್ಕೃತದ ಭಾರಿ ಪದ ಹುಡುಕಬೇಡಿ. ಕರೆಯಲು ಸುಲಭವಾದ ಹೆಸರು ಮಾತ್ರ ಉಳಿಯುತ್ತದೆ. ಹೂಂಗಲ್ಲು ಎಂದು ನಾನು ಇಟ್ಟೆ.

ಹೆಜ್ಜೆ 10: ಇದು ಹೊಸ ಕಥೆ ಎಂದು ಹೇಳಿ

ಕಟ್ಟಿದ್ದು ಚೆನ್ನಾಗಿದ್ದಷ್ಟೂ ಇದು ಮುಖ್ಯ. “ಸಾವಿರಾರು ವರ್ಷಗಳಿಂದ ನಂಬಿಕೆಯಿದೆ” ಎಂದು ಒಂದು ಸಾಲು ಸೇರಿಸಿಬಿಟ್ಟರೆ ಜನ ನಂಬುತ್ತಾರೆ. ನಾಳೆ ಅದು ಪ್ರವಾಸಿ ಫಲಕಕ್ಕೆ ಏರುತ್ತದೆ. ಆಮೇಲೆ ಹಳೆಯ ಐತಿಹ್ಯ ಹುಡುಕಿಕೊಂಡು ಬರುವವರು ದಾರಿ ತಪ್ಪುತ್ತಾರೆ. ಬರೆದ ಹಾಳೆಯ ಮೇಲೆ ಯಾರು ಕಟ್ಟಿದ್ದು, ಯಾವ ವರ್ಷ ಎಂದು ನಮೂದಿಸಿ. ಕಥೆಯ ಸ್ವಾರಸ್ಯ ಇದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಅಲ್ಲಿ ಬದುಕುವ ಯಾವ ಜನರನ್ನೂ ಕಥೆಯ ಕೇಡಿಗರನ್ನಾಗಿ ಮಾಡಬೇಡಿ. ಒಂದು ಗುಂಪಿನವರ ಪೂರ್ವಜರಿಂದ ಕೆರೆ ಬತ್ತಿತು ಎಂದು ಬರೆದರೆ ಅದು ಕಲ್ಪನೆಯಾಗಿ ಉಳಿಯುವುದಿಲ್ಲ. ಜಾಗದ ಮೇಲೆ ಬಣ್ಣ ಬಳಿಯುವುದು, ಹೆಸರು ಕೆತ್ತುವುದು, ಗುರುತು ಎದ್ದು ಕಾಣಲೆಂದು ಕಲ್ಲು ಕೆರೆಯುವುದು ಸಲ್ಲದು. ಹಾಗೆಯೇ, ಗುಪ್ತ ನಿಧಿ ಇದೆ ಎಂಬ ಕಥೆ ಎಂದೂ ಕಟ್ಟಬೇಡಿ. ಗುದ್ದಲಿ ಹಿಡಿದು ಬಂದೇ ಬರುತ್ತಾರೆ.

ಹೆಜ್ಜೆ 11: ಹೋಗಿ ಹೇಳಿ

ಬರೆದದ್ದನ್ನು ಓದಬೇಡಿ, ಹಾಳೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ನೀವೇ ಮರೆತ ಸಾಲು ಕಥೆಗೆ ಬೇಕಿಲ್ಲದ ಸಾಲು. ಬೇರೆ ಬೇರೆ ಜನರಿಗೆ ಮೂರು ಸಲವಾದರೂ ಹೇಳಿ. ಒಂದು ವಾರ ಬಿಟ್ಟು ಅವರಲ್ಲೊಬ್ಬರಿಂದ ಕಥೆಯನ್ನು ವಾಪಸು ಹೇಳಿಸಿ. ಅವರು ಬಿಟ್ಟದ್ದು, ಸೇರಿಸಿದ್ದು, ಅದಲು ಬದಲು ಮಾಡಿದ್ದು ನಿಮಗೆ ಸಿಗುವ ಒಳ್ಳೆಯ ಸಲಹೆ. ನನ್ನ ಮೂಲದಲ್ಲಿ ಮುದುಕಿ ಹೇಳುತ್ತಿದ್ದದ್ದು ಯಾವ ಕಥೆ ಎಂಬುದು ಎಲ್ಲೂ ಇರಲಿಲ್ಲ. ಬಾಗಿಲು ತೆಗೆದು ನೋಡುವ ಹುಡುಗಿಯನ್ನು ತಂದದ್ದು ಹಾಗೆ ವಾಪಸು ಹೇಳಿದ ಒಂದು ಮಗು.

ಜಾಗದಲ್ಲೇ ಹೇಳುವುದಾದರೆ ಹೊತ್ತು ನೋಡಿಕೊಳ್ಳಿ. ನಾನು ಹೊತ್ತು ಇಳಿಯುವ ಅರ್ಧ ಗಂಟೆ ಮುಂಚೆ ಹೋಗಿ ಎಲ್ಲರನ್ನೂ ಮೂಡಣದ ಕಡೆ, ಬಾಗಿದ ಹೋಳು ಎದುರಿಗಿರುವಂತೆ ಕೂರಿಸುತ್ತೇನೆ. ಬೋಳು ನೆಲದ ಮೇಲೆ ಯಾರನ್ನೂ ಕೂರಿಸುವುದಿಲ್ಲ. ಆತುರವಿಲ್ಲದೆ ಹೇಳುತ್ತೇನೆ. “ಬೆಳಕು ಹರಿಯಿತು” ಎಂಬಲ್ಲಿಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಗಾಳಿ ಏಳುತ್ತದೆ. ಅದು ಎದ್ದ ಸಂಜೆ ಕೊನೆಯ ಸಾಲು ನಾನು ಹೇಳುವುದೇ ಇಲ್ಲ.